ಹೊಸ ಡಬ್ಬಿಯ ವಾಸನೆ

ಶಾರವ್ವನ ಬೆಣ್ಣೆಯ ಗಡಿಗೆಯ ಮೇಲೆ ಸಿದ್ದಲಿಂಗವ್ವ ಮೂಗು ಬಾಗಿಸಿದಾಗ ಅಂಗಡಿಯ ಮುಂದೆ ನಿಂತಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಇಳಕಲ್ಲಿನ ಸಂತೆಗೆ ಬೆಣ್ಣೆ ತರುವ ಹಳ್ಳಿಯ ಹೆಂಗಸರಿಗೆ ಈ ಮೂಗೇ ಕೋರ್ಟು, ಈ ಮೂಗೇ ಕಚೇರಿ. ಅದು ಒಪ್ಪಿದರೆ ಬೆಣ್ಣೆ ತಕ್ಕಡಿಗೆ ಹೋಗುತ್ತಿತ್ತು. ಒಪ್ಪದಿದ್ದರೆ ಗಡಿಗೆಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಬಂದ ದಾರಿ ಹಿಡಿಯಬೇಕು. ಮೇಲೆ ಹೋಗಿ ಮನವಿ ಕೊಡುವ ಪದ್ಧತಿ ಇಲ್ಲಿ ಇರಲಿಲ್ಲ.

ಗಡಿಗೆಗೆ ಮುಚ್ಚಿದ ಮುತ್ತಲ ಎಲೆ ಸರಿಸಿ, ಕಣ್ಣು ಮುಚ್ಚಿ, ಎಂದಿನಂತೆ ಎರಡು ಸಲ ಉಸಿರು ಎಳೆದುಕೊಂಡಳು ಸಿದ್ದಲಿಂಗವ್ವ. ಏನೂ ಬರಲಿಲ್ಲ. ಮಜ್ಜಿಗೆಯ ಹುಳಿ ಇಲ್ಲ, ಕಮಟು ಇಲ್ಲ, ಗೋಡೆ ಮೂಸಿದಂತಾಯಿತು. ಒಂದು ಕಣ್ಣನ್ನು ಸ್ವಲ್ಪವೇ ತೆರೆದು ಶಾರವ್ವನ ಮುಖ ನೋಡಿದಳು. ನಾಲ್ಕು ತಿಂಗಳಿಂದ ಅವಳು ಬೆಣ್ಣೆ ಪರೀಕ್ಷೆ ಮಾಡುತ್ತಿದ್ದುದು ಹೀಗೆ. ಒಳ್ಳೆಯ ಬೆಣ್ಣೆ ತಂದವಳು ಪರೀಕ್ಷೆ ಮಾಡುವ ಮೂಗನ್ನೇ ನೋಡುತ್ತಾಳೆ, ಹಳೆಯದನ್ನು ಬೆರೆಸಿದವಳು ತಕ್ಕಡಿ ನೋಡುತ್ತಾಳೆ ಎಂಬುದು ಅವಳ ಲೆಕ್ಕ. ಶಾರವ್ವ ಎರಡನ್ನೂ ಬಿಟ್ಟು ಎದುರಿನ ಬಳೆ ಅಂಗಡಿಯನ್ನು ನೋಡುತ್ತ ನಿಂತಿದ್ದಳು. ಇದಕ್ಕೆ ಏನನ್ನಬೇಕೋ ಸಿದ್ದಲಿಂಗವ್ವನಿಗೆ ತಿಳಿಯಲಿಲ್ಲ.

"ಛಲೋ ಐತಿ. ತೂಗವಾ," ಎಂದಳು ಸೊಸೆಗೆ.

ಸೊಸೆ ಗುರುಲಿಂಗವ್ವ ಬೆಣ್ಣೆ ತೂಗಿ, ಗಡಿಗೆಯನ್ನು ಎದೆಗೆ ಆನಿಸಿಕೊಂಡು ಒಳಗೆ ಹೋದಳು. ಮಾತು ಕಡಿಮೆ ಆ ಹುಡುಗಿಯದು.

ಶ್ರಾವಣದಲ್ಲಿ ಬಂದ ಮೂರು ದಿನದ ಜ್ವರ ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಗಿತ್ತು. ಸಿದ್ದಲಿಂಗವ್ವನಿಗೆ ಅದು ಗೊತ್ತಾದದ್ದು ಹಾಲು ಹೊತ್ತಿದ ದಿನ. ಅವಳು ಒಲೆಯಿಂದ ಎರಡು ಮೊಳ ದೂರದಲ್ಲಿ ಕುಳಿತು ಗಸಗಸೆ ಆರಿಸುತ್ತಿದ್ದಳು. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಯಾಗಿ, ಹಿತ್ತಲಲ್ಲಿದ್ದ ಗುರುಲಿಂಗವ್ವ ಓಡಿ ಬಂದಳು. "ಒಲಿ ಮ್ಯಾಲೆ ಹಾಲಿಟ್ಟು ಹಿತ್ತಲಕ್ಕ ಹೋಗಾಕಿ ಯಾವಾಕಿ?" ಎಂದು ಅತ್ತೆ ಸೊಸೆಯ ಮೇಲೇ ಹರಿಹಾಯ್ದು ಆ ಹೊತ್ತಿನ ಮಾನ ಉಳಿಸಿಕೊಂಡಳು. ಆಮೇಲೆ ಯಾರೂ ಇಲ್ಲದಾಗ ಇಂಗಿನ ಡಬ್ಬಿ ಬಿಚ್ಚಿ ಮೂಗಿಗೆ ಹಿಡಿದಳು. ಇಂಗು ತಿಂದ ಮಂಗನ ಮುಖವಾದರೂ ಆಗಬೇಕಿತ್ತು, ಅದೂ ಆಗಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಗಂಡ ಈ ಕರದಂಟಿನ ಅಂಗಡಿ ಇಟ್ಟಿದ್ದೇ ಅವಳ ಮೂಗನ್ನು ನಂಬಿ. ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲರ ಹತ್ತಿರವೂ ಇರುತ್ತವೆ, ತುಪ್ಪ ಸಿದ್ದಲಿಂಗವ್ವನದು ಎಂದು ಹುನಗುಂದದವರೆಗೂ ಮಾತಿತ್ತು. ಗಂಡ ತೀರಿಕೊಂಡು ಹತ್ತು ವರ್ಷವಾದರೂ ಅಂಗಡಿಯ ಬಾಗಿಲ ಬಳಿಯ ಮಣೆ ಅವಳದೇ. ಸೊಸೆ ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಗಡಿಗೆಗೆ ಮೂಗು ಹಚ್ಚಲು ಹೋಗಿದ್ದಳು. "ಈ ಮನ್ಯಾಗ ಒಂದ ಮೂಗು ಸಾಕವಾ" ಎಂದಿದ್ದಳು ಅತ್ತೆ. ಈಗ ಆ ಒಂದೂ ಹೋಗಿದೆ ಎಂದರೆ ಆ ಮಣೆಯ ಮೇಲೆ ಯಾವ ಮುಖ ಹೊತ್ತು ಕೂಡುವುದು?

ಅದರ ಮೇಲೆ ಯಾಕೂಬಸಾಬನ ಮಗಳ ಮದುವೆ ಬಂದಿತ್ತು. ಯಾಕೂಬಸಾಬ ಎದುರುಸಾಲಿನ ರೇಡಿಯೋ ರಿಪೇರಿ ಅಂಗಡಿಯವನು, ಸಿದ್ದಲಿಂಗವ್ವನ ಮಗ ಅಂದಪ್ಪನ ಬಾಲ್ಯದ ಗೆಳೆಯ. ಅವನ ಮಗಳು ಜುಲೇಖಾ ಇವರ ಪಡಸಾಲೆಯಲ್ಲೇ ಅಂಬೆಗಾಲಿಟ್ಟವಳು. ಶುಕ್ರವಾರದ ನಿಕಾಹಕ್ಕೆ ಬಾಗಲಕೋಟೆ, ಬಾದಾಮಿಯಿಂದ ಬೀಗರು ಬರುವವರಿದ್ದರು, ಅವರಿಗೆಲ್ಲ ಹಂಚಲು ಕರದಂಟು ಇಲ್ಲಿಂದಲೇ. ಅದಕ್ಕೆ ಬೇಕಾದ ತುಪ್ಪ ಒಳಗಿನ ಖೋಲಿಯಲ್ಲಿ ಡಬ್ಬಿ ಡಬ್ಬಿಯಾಗಿ ನಿಂತಿತ್ತು, ಎಲ್ಲವೂ ಈ ನಾಲ್ಕು ತಿಂಗಳಲ್ಲಿ ಅವಳು ಮುಖ ನೋಡಿ ಪಾಸು ಮಾಡಿದ ಬೆಣ್ಣೆಯದು. ಬೀಗರು ಮೊದಲ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸುವುದು ಸಿದ್ದಲಿಂಗವ್ವನ ಕಣ್ಣಿಗೆ ಕಟ್ಟಿದಂತಾಗಿ ಊಟ ಸೇರುತ್ತಿರಲಿಲ್ಲ.

ಟೀವಿ ಬಂದದ್ದು ಆ ವಾರವೇ. ಆ ವರ್ಷ ಇಳಕಲ್ಲಿನ ಮಾಳಿಗೆಗಳ ಮೇಲೆ ಒಂದೊಂದಾಗಿ ಅಂಟೆನಾ ಕಂಬಗಳು ಏಳತೊಡಗಿದ್ದವು. ಯಾಕೂಬಸಾಬನೂ ರೇಡಿಯೋ ಬದಿಗಿಟ್ಟು ಟೀವಿ ಮಾರುವ ಮನಸ್ಸು ಮಾಡಿದ್ದ. ಮೊದಲ ಸೆಟ್ಟು ಗೆಳೆಯನ ಮನೆಗೇ ಹೋಗಬೇಕು ಎಂದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದ. ಅಂದಪ್ಪ ಅದರ ಗಾಜಿಗೆ ವಿಭೂತಿ ಎಳೆದು ಕಾಯಿ ಒಡೆದ. ಪೆಟ್ಟಿಗೆಯಿಂದ ಬಿಳಿಯ ಥರ್ಮಾಕೋಲು, ಚರಚರ ಎನ್ನುವ ಪ್ಲಾಸ್ಟಿಕ್ಕು ಹೊರಬಿದ್ದಂತೆ ಪಡಸಾಲೆಯಲ್ಲಿ ನೆರೆದಿದ್ದ ಓಣಿಯ ಜನ ಮೂಗು ಅರಳಿಸಿದರು.

ಆ ವಾಸನೆಯ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಹೊಸ ರೇನ್‌ಕೋಟಿನದು ಎಂದ ಅಂದಪ್ಪ. ಯಾಕೂಬಸಾಬನ ಹೆಂಡತಿ ಮುಮ್ತಾಜ, ಬಾಗಿಲಿಗೆ ಬಣ್ಣ ಬಳಿದಾಗ ಹೀಗೇ ಬರುತ್ತದೆ ಎಂದಳು. ಯಾರೋ ದವಾಖಾನೆ ಎಂದರು, ಇನ್ಯಾರೋ ಬೆಸುಗೆ ಹಾಕುವ ಅಂಗಡಿ ಎಂದರು. ಇದು ಒಂದರದಲ್ಲ, ತಂತಿಯ ಮೇಲಿನ ವಾರ್ನಿಶ್, ಬೆಸುಗೆ, ಪ್ಲಾಸ್ಟಿಕ್ಕು ಎಲ್ಲ ಕೂಡಿದ್ದು ಎಂದು ಯಾಕೂಬಸಾಬ ತಿಳಿಸಿ ಹೇಳಿದ. ಅವನಿಗೆ ಅದು ಅತ್ತರಿಗಿಂತ ಮೇಲು. ಕೊನೆಗೆ ಎಲ್ಲರೂ ತಿರುಗಿದ್ದು ಸಿದ್ದಲಿಂಗವ್ವನ ಕಡೆಗೆ.

"ಅವ್ವಾರ, ನೀವು ಹೇಳ್ರಿ. ನಿಮ್ಮ ಮೂಗು ಒಪ್ಪಿದ್ರ ಊರು ಒಪ್ಪಿಧಂಗ," ಎಂದ ಯಾಕೂಬಸಾಬ.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಸಿದ್ದಲಿಂಗವ್ವ ಎದ್ದು, ಸೆರಗು ಸರಿಮಾಡಿಕೊಂಡು, ಟೀವಿಯ ಹಿಂಬದಿಯ ಸೀಳುಗಳಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದಳು. ಅದೇ ಗೋಡೆ. "ತಾಜಾ ಐತಿ," ಎಂದಳು. "ಕಮಟು ಇಲ್ಲ."

ಪಡಸಾಲೆಯೆಲ್ಲ ನಕ್ಕಿತು. ಯಾಕೂಬಸಾಬನ ಮುಖ ಮಾತ್ರ ಹಿಗ್ಗಿ ಹೀರೇಕಾಯಿಯಾಯಿತು. ತನ್ನ ಟೀವಿ ಸಿದ್ದಲಿಂಗವ್ವನ ಮೂಗಿನಲ್ಲಿ ಪಾಸಾಗಿದೆ ಎಂದು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದ.

ಎರಡನೆಯ ದಿನಕ್ಕೆ ಅಂದಪ್ಪ ತಲೆ ಹಿಡಿದುಕೊಂಡು ಕುಳಿತ. ಸೆಟ್ಟು ಬಿಸಿಯಾದಾಗ ಆ ವಾಸನೆ ಮನೆ ತುಂಬುತ್ತದೆ, ಅನ್ನಕ್ಕೂ ಅದೇ, ಹಾಸಿಗೆಗೂ ಅದೇ ಎಂದ. ಏನಾದರೂ ಉಪಾಯ ಹೇಳು ಎಂದು ತಾಯಿಯನ್ನೇ ಕೇಳಿದ, ವಾಸನೆಯ ಇಲಾಖೆ ಅವಳದಲ್ಲವೇ? ಸಿದ್ದಲಿಂಗವ್ವ ಯೋಚಿಸಿದಳು. ತುಪ್ಪ ತುಂಬುವ ಡಬ್ಬಿ ಹೊಸದಿದ್ದಾಗಲೂ ತಗಡಿನ, ಬೆಸುಗೆಯ ನಾತ ಬರುತ್ತದೆ. ಅದಕ್ಕೆ ಈ ಮನೆಯಲ್ಲಿ ಮೊದಲಿನಿಂದ ಒಂದು ಕ್ರಮ. ನಾಲ್ಕು ವೀಳ್ಯದೆಲೆ, ಹತ್ತು ಲವಂಗ, ಒಂದು ಚಮಚೆ ತುಪ್ಪ, ಇಷ್ಟನ್ನು ತೆಳ್ಳನೆಯ ಅರಿವೆಯಲ್ಲಿ ಕಟ್ಟಿ ಎಂಟು ದಿನ ಡಬ್ಬಿಯೊಳಗೆ ಇಟ್ಟರೆ ನಾತ ಹೋಗಿ ಪರಿಮಳ ಹಿಡಿಯುತ್ತದೆ. ಟೀವಿಯೂ ಒಂದು ಹೊಸ ಡಬ್ಬಿಯೇ. ಅದು ಸ್ವಲ್ಪ ದೊಡ್ಡದಾದ್ದರಿಂದ ಅವಳು ಎಲೆಯನ್ನು ನಾಲ್ಕರ ಬದಲು ನಲವತ್ತು ಹಾಕಿದಳು. ಒಳಗಿಡಲು ಬಾಗಿಲಿಲ್ಲವೆಂದು ಗಂಟನ್ನು ಬೆನ್ನಿನ ಸೀಳುಗಳ ಮೇಲೆ ಅಗಲವಾಗಿ ಹರಡಿ, ಮೇಲೊಂದು ಕಸೂತಿ ಹಾಕಿದ ಅರಿವೆ ಹೊದಿಸಿ, ನೋಡಲೂ ಚೆಂದವಾಯಿತು ಎಂದುಕೊಂಡಳು.

ಭಾನುವಾರ ಸಂಜೆಯ ಸಿನಿಮಾಕ್ಕೆ ಓಣಿಗೆ ಓಣಿಯೇ ಬಂತು. ಬಾಗಿಲಲ್ಲಿ ಜಾಗವಿಲ್ಲದೆ ಕೆಲವರು ಕಿಟಕಿಯ ಸರಳು ಹಿಡಿದು ನಿಂತರು. ಸಿದ್ದಲಿಂಗವ್ವನಿಗೆ ದೂರದ್ದು ಮಂಜಾಗಿ ಕಾಣುತ್ತಿದ್ದುದರಿಂದ ಅವಳ ಮಣೆ ಟೀವಿಯ ಮಗ್ಗುಲಿಗೇ ಬಿತ್ತು. ಹಿಂದಿ ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ. ಬುಧವಾರ ಜುಲೇಖಾಳ ಕರದಂಟಿಗೆ ಒಲೆ ಹೂಡಬೇಕು, ಯಾವ ಡಬ್ಬಿ ತೆಗೆಯುವುದು ಎಂಬುದೇ ಅವಳ ತಲೆಯಲ್ಲಿತ್ತು. ತೆರೆಯ ಮೇಲೆ ನಾಯಕಿ ಅಳುತ್ತಿದ್ದಳು, ಮುಮ್ತಾಜಳೂ ಅಳುತ್ತಿದ್ದಳು.

ಆಗ ಮೂಗಿನ ಆಳದಲ್ಲಿ ಏನೋ ಚುಚ್ಚಿತು.

ಸೀನು ಎಂದುಕೊಂಡಳು. ಸೀನಲ್ಲ. ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ಮೂಸದ ಯಾವುದೋ ಒಂದು, ಹೆಸರಿಲ್ಲದ್ದು, ಖಾರವೂ ಅಲ್ಲ ಸಿಹಿಯೂ ಅಲ್ಲ, ಬಿಸಿಲಿಗೆ ಕಾದ ಹೊಸ ಚಪ್ಪಲಿಯಂಥದ್ದು. ಉಸಿರು ಬಿಡಲು ಹೆದರಿ ಹಾಗೇ ಕುಳಿತಳು. ಬಿಟ್ಟರೆ ಎಲ್ಲಿ ಮತ್ತೆ ಹೋಗಿಬಿಡುತ್ತದೋ. ಎರಡನೆಯ ಸಲ ಎಳೆದಾಗ ಅದು ಇನ್ನೂ ಗಟ್ಟಿಯಾಗಿ ಬಂತು. ಹೊಸ ಟೀವಿಯ ವಾಸನೆ! ಅಂದಪ್ಪ ತಲೆ ಹಿಡಿದುಕೊಂಡು ಕುಳಿತಿದ್ದ ಆ ನಾತ ಅವಳಿಗೆ ಸಾಕ್ಷಾತ್ ಮಲ್ಲಿಗೆಯಾಗಿ ಕಂಡಿತು. ಸಂತೋಷಕ್ಕೆ ಕಣ್ಣು ತುಂಬಿದವು. ಮೂರನೆಯ ಸಲ ಎಳೆದಾಗ ಅದರ ಅಡಿಯಲ್ಲಿ ಇನ್ನೊಂದು ಸಿಕ್ಕಿತು, ಅದರ ಗುರುತು ಅವಳಿಗೆ ಇತ್ತು: ತುಪ್ಪದಲ್ಲಿ ಹುರಿಯುವ ವೀಳ್ಯದೆಲೆ. ಹುರಿಯುತ್ತಿದ್ದದ್ದು ಈಗ ಸೀಯುವ ಹದಕ್ಕೆ ಬಂದಿತ್ತು.

"ಅಂದಪ್ಪಾ, ಬಂದ್ ಮಾಡು. ಏನೋ ಸುಡಾಕ ಹತ್ತೇತಿ."

ಯಾರಿಗೂ ಏನೂ ಬಂದಿರಲಿಲ್ಲ. ಮನೆಯವರ ಮೂಗು ಮೂರು ದಿನದ ರೂಢಿಗೆ ಸೋತಿತ್ತು, ಓಣಿಯವರ ಗಮನವೆಲ್ಲ ತೆರೆಯ ಮೇಲಿತ್ತು. ಆದರೂ ಸಿದ್ದಲಿಂಗವ್ವನ ಮಾತು ಎಂದು ಯಾಕೂಬಸಾಬ ಎದ್ದು ಸ್ವಿಚ್ಚು ಆರಿಸಿದ. ಅರಿವೆ ಎತ್ತಿ ನೋಡಿದರೆ ಗಂಟು ಕೈಯಿಂದ ಮುಟ್ಟಲಾಗದಷ್ಟು ಕಾದಿತ್ತು, ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿತ್ತು, ಒಂದೆಳೆ ಹೊಗೆ ಎದ್ದಿತು. ಇದು ಉಸಿರಾಡಲಿಕ್ಕೆ ಬಿಟ್ಟ ಸೀಳು, ಇದನ್ನು ಮುಚ್ಚಿ ಮದುಮಗಳ ಹಾಗೆ ಸೆರಗು ಹೊದಿಸಿದವರು ಯಾರು ಎಂದು ಅವನು ಕೇಳಿದ. ಸಿದ್ದಲಿಂಗವ್ವ ತಾನೇ ಎಂದು ಒಪ್ಪಿಕೊಂಡಳು. ಇನ್ನೊಂದು ಗಳಿಗೆ ಹೋಗಿದ್ದರೆ ಸೆಟ್ಟು ಉಳಿಯುತ್ತಿರಲಿಲ್ಲವಂತೆ. "ಹೊಚ್ಚಿದಾಕೀನೂ ಅವ್ವ, ಉಳಿಸಿದಾಕೀನೂ ಅವ್ವ," ಎಂದ ಅಂದಪ್ಪ. ಎಲ್ಲರೂ ನಗುವಾಗ ಗುರುಲಿಂಗವ್ವ ಒಬ್ಬಳು ನಗದೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಸೆಟ್ಟು ಆರುವವರೆಗೆ ಜನ ಸಿನಿಮಾದ ಮುಂದಿನ ಕಥೆ ತಾವೇ ಕಟ್ಟತೊಡಗಿದರು. ಸಿದ್ದಲಿಂಗವ್ವ ಯಾರಿಗೂ ಹೇಳದೆ ಒಳಗಿನ ಖೋಲಿಗೆ ನಡೆದಳು. ಮೊದಲ ಡಬ್ಬಿಯ ಮುಚ್ಚಳ ತೆಗೆದು ಬಾಗಿದಳು. ತುಪ್ಪದ ಘಮ ಎದೆಯವರೆಗೂ ಇಳಿಯಿತು. ಅತ್ತಳು, ಎಳೆ ಮಗುವಿನಂತೆ ಅತ್ತಳು. ಅತ್ತ ಮೇಲೆ ಮೂಗು ಕಟ್ಟಿತೆಂದು ಗಾಬರಿಯಾಗಿ, ಸಿಂಬಳ ಸೀಟಿ ಒರೆಸಿಕೊಂಡು, ಎರಡನೆಯದನ್ನು ತೆಗೆದಳು. ಅದೂ ಛಲೋ, ಮೂರನೆಯದೂ ಛಲೋ. ಹನ್ನೆರಡೂ ಡಬ್ಬಿಗಳನ್ನು ನೋಡಿ ಮುಗಿಸಿದರೆ ಒಂದರಲ್ಲೂ ಕಮಟಿಲ್ಲ. ಮೂಗಿಲ್ಲದೆ, ಬರೀ ಮುಖ ನೋಡಿ, ನಾಲ್ಕು ತಿಂಗಳಲ್ಲಿ ಒಂದೂ ತಪ್ಪಿಲ್ಲ! ನನ್ನಂಥವಳು ಈ ಸೀಮೆಯಲ್ಲೇ ಇಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಭಿಮಾನ ಉಕ್ಕಿ ಬಂತು.

ಆ ಅಭಿಮಾನ ಮೂಲೆಯ ಗೋಣಿಚೀಲದವರೆಗೆ ಮಾತ್ರ ಬಾಳಿತು. ಚೀಲದ ಹಿಂದಿನಿಂದ ಒಂದು ಕೆಟ್ಟ ಗಾಳಿ ಬರುತ್ತಿತ್ತು. ಸರಿಸಿ ನೋಡಿದರೆ ಮೂರು ಡಬ್ಬಿ. ಒಂದನ್ನು ತೆಗೆದಾಗ ಕಮಟು ಮುಖಕ್ಕೆ ಹೊಡೆಯಿತು, ಎರಡನೆಯದು ಅದರ ಅಕ್ಕ. ಮೂರನೆಯದರಲ್ಲಿ ಇನ್ನೂ ಕಾಯಿಸದ ಬೆಣ್ಣೆ, ಮೇಲೆ ಮುತ್ತಲ ಎಲೆ. ಬಳೆ ಅಂಗಡಿ ನೋಡುತ್ತ ನಿಂತಿದ್ದ ಶಾರವ್ವನದು. ಮೂರೂ ಮುಚ್ಚಳಗಳ ಮೇಲೆ ಗುರುಲಿಂಗವ್ವ ಸಾಲೆಯ ಹುಡುಗಿಯ ದುಂಡನೆಯ ಅಕ್ಷರದಲ್ಲಿ ಸೀಮೆಸುಣ್ಣದಿಂದ ಬರೆದಿದ್ದಳು: ಮಠದ ದೀಪಕ್ಕ.

ಸಿದ್ದಲಿಂಗವ್ವ ಗೋಣಿಚೀಲದ ಮೇಲೇ ಕುಳಿತಳು. ಹಾಲು ಹೊತ್ತಿದ ದಿನದಿಂದ ಲೆಕ್ಕ ಹಾಕಿದಳು. ಅಂದಿನಿಂದ ಪ್ರತಿ ಗಡಿಗೆಯನ್ನೂ ಒಳಗೆ ಮತ್ತೆ ಮೂಸಿ, ಕೆಟ್ಟದ್ದನ್ನು ಬೇರೆ ತೆಗೆದಿಡುತ್ತ ಬಂದ ಈ ಹುಡುಗಿ ಒಂದು ದಿನವೂ ಒಂದು ಮಾತು ಆಡಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ, ಹೇಳಿದ್ದರೆ ಅಂದಪ್ಪನ ಹೊಟ್ಟೆಯಲ್ಲಿ ಅದು ನಿಲ್ಲುತ್ತಿರಲಿಲ್ಲ. ನಾಚಿಕೆ ಬಂತು, ಅದರ ಬೆನ್ನಿಗೇ ಸೊಸೆಯ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು. ತಲೆಯೆತ್ತಿದರೆ ಗುರುಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು.

"ಮಠದ ದೀಪಕ್ಕ ತುಪ್ಪ ಭಾಳ ಹೋಗೇತಿ ಈ ಸಲ," ಎಂದಳು ಅತ್ತೆ.

"ಹೌದ್ರಿ ಅತ್ತೀ. ನಾಕು ತಿಂಗಳಿಂದ ಸ್ವಾಮ್ಯಾರು ಭಾಳ ಬೆಳಕಿನ್ಯಾಗ ಅದಾರ್ರಿ."

ಇಬ್ಬರೂ ನಗಲಿಲ್ಲ. ನಗು ತಡೆದದ್ದಕ್ಕೆ ಇಬ್ಬರ ಮುಖವೂ ಕೆಂಪಾಗಿತ್ತು.

ಜುಲೇಖಾಳ ನಿಕಾಹ ಚೆನ್ನಾಗಿ ಆಯಿತು. ಬಾದಾಮಿಯ ಬೀಗರು ಕರದಂಟಿನ ಎರಡನೆಯ ತುಂಡಿಗೆ ಕೇಳದೆಯೇ ಕೈ ಹಾಕಿದರಂತೆ. ಸಿದ್ದಲಿಂಗವ್ವ ದಿನವೂ ಲಿಂಗಪೂಜೆ ಮುಗಿಸಿ ಎದ್ದವಳು ಟೀವಿಯ ಬೆನ್ನಿಗೆ ಮೂಗು ಹಚ್ಚಿ ನಿಲ್ಲತೊಡಗಿದಳು. ಮತ್ತೆ ಸುಟ್ಟೀತೆಂದು ತಾಯಿ ಕಾವಲು ಕಾಯುತ್ತಿದ್ದಾಳೆ ಎಂದು ಅಂದಪ್ಪ ತಿಳಿದ. ವಾಸನೆ ದಿನಕ್ಕಿಷ್ಟು ತೆಳುವಾಗುತ್ತಿತ್ತು. ಯಾಕೂಬಸಾಬನಿಗೆ, ಇದನ್ನು ಇನ್ನಷ್ಟು ದಿನ ಉಳಿಸಿಕೊಳ್ಳುವ ಉಪಾಯವಿದೆಯೇ ಎಂದು ಕೇಳಿದಳು. ಅವನು ಇನ್ನೊಂದು ಸೆಟ್ಟು ತೆಗೆದುಕೊಳ್ಳಿ ಎಂದ.

ಮುಂದಿನ ಸಂತೆಗೆ ಶಾರವ್ವನೇ ಮೊದಲು ಬಂದಳು. ಗಡಿಗೆ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಬಳೆ ಅಂಗಡಿಯ ಕಡೆಗೆ ತಿರುಗಿದಳು. ಸಿದ್ದಲಿಂಗವ್ವ ಮುತ್ತಲ ಎಲೆ ಸರಿಸಿದಳು. ಬಾಗುವ ಮೊದಲೇ ಅವಳಿಗೆ ಎಲ್ಲ ಗೊತ್ತಾಯಿತು. ಎಷ್ಟು ಹಳೆಯದು, ಎಷ್ಟು ಹೊಸದು, ಯಾವ ವಾರದ್ದಕ್ಕೆ ಯಾವ ವಾರದ್ದು ಬೆರೆತಿದೆ ಎಂಬುದೂ ತಿಳಿಯಿತು. ಆದರೂ ಮಣೆಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿ, ಕೈಯಿಂದ ತಟ್ಟಿದಳು.

"ಬಾ ಇಲ್ಲಿ. ನೀ ನೋಡು."

ಗುರುಲಿಂಗವ್ವ ತಕ್ಕಡಿ ಬಿಟ್ಟು ಬಂದು ಕುಳಿತಳು. ಗಡಿಗೆಯ ಮೇಲೆ ಎರಡು ತಲೆಗಳು ಒಟ್ಟಿಗೆ ಬಾಗಿದವು, ನಾಲ್ಕು ಕಣ್ಣುಗಳು ಮುಚ್ಚಿದವು. ಶಾರವ್ವ ಮೊದಲ ಸಲ ಬಳೆ ಅಂಗಡಿಯಿಂದ ಕಣ್ಣು ಕಿತ್ತು, ಆ ಮೂಗಿನಿಂದ ಈ ಮೂಗಿಗೆ, ಈ ಮೂಗಿನಿಂದ ಆ ಮೂಗಿಗೆ ನೋಡತೊಡಗಿದಳು.