ಧರ್ಮದ ಜಾಗಕ್ಕೂ ಮೊಳ ಹಾಕಿ

"ಈ ಗೇಟು ಇನ್ನೂ ಎಷ್ಟು ಹೊತ್ತಪ್ಪಾ?"

ಜಟಕಾದ ಮೇಲೆ ಕೂತಿದ್ದ ಮಕ್ತುಮ್ ಸಾಬ್ ಕೇಳಿದ್ದು ಯಾರನ್ನೂ ಅಲ್ಲ. ದಾವಣಗೆರೆಯ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಹೋದ ಮಳೆಗಾಲದಲ್ಲಿ ಇದೇ ಗೇಟಿನ ಮುಂದೆ, ಇದೇ ಜಟಕಾದಲ್ಲಿ, ಮಗಳು ಖುರ್ಷೀದಾಳ ಮಡಿಲಲ್ಲಿ ಮೊಮ್ಮಗಳು ಮಾಸೂಮಾ ವಾಂತಿಭೇದಿಯಾಗಿ ಬಾಡಿ ಮಲಗಿದ್ದಳು. ಗೇಟು ಎದ್ದಾಗ ಕೂಸಿನ ಉಸಿರು ನಿಂತಿತ್ತು; ಆಚೆಯ ಆಸ್ಪತ್ರೆಯ ಅಗತ್ಯವೇ ಉಳಿದಿರಲಿಲ್ಲ. ಮಕ್ತುಮ್ ಸಾಬ್ ಕುದುರೆಯನ್ನು ಮನೆಯ ಕಡೆಗೆ ತಿರುಗಿಸಿದ್ದ.

ಇವತ್ತು ಹಿಂದಿನ ಸೀಟಿನಲ್ಲಿ ಸರ್ಕಾರಿ ನರ್ಸಮ್ಮ ಉಚ್ಚೆಂಗೆಮ್ಮ ಕೂತಿದ್ದಳು.

"ಸಾಬ್ರೇ, ಕೇಂದ್ರ ಸರ್ಕಾರ ಮಕ್ಕಳಿಗಂತಲೇ ದೊಡ್ಡಾಸ್ಪತ್ರೆ ಕಟ್ಟಸ್ತೈತಂತೆ. ಗುರುವಾರ ಜಾಗ ನೋಡೋ ಕಮಿಟಿ ಬರ್ತೈತೆ."

"ಗೊತ್ತೈತ್ರಿ. ಕರಿಬಸವರಾಜಪ್ಪ ಸಾವ್ಕಾರ್ರು ಗೇಟಿನಾಚೆ ಆರೆಕರೆ ಪುಕ್ಕಟೆ ಕೊಡ್ತಾರಂತೆ. ಅಲ್ಲೇ ಕಟ್ಸಿ ಅನ್ನೋ ಅರ್ಜಿಗೆ ನಮ್ಮ ಜಟಕಾ ಸ್ಟ್ಯಾಂಡಿನೋರು ಹೆಬ್ಬೆಟ್ಟು ಒತ್ಬೇಕಂತೆ. ನಾ ಒತ್ತಿದ್ರೆ ಇಪ್ಪತ್ತು ಜನ ಒತ್ತಿದಂಗೆ."

"ಒತ್ತೀರೇನು?"

"ಆಟೋ ಬಂದು ನಮ್ಮ ಹೊಟ್ಟೆ ಮ್ಯಾಲೆ ಹೊಡದಾವೆ. ಆಸ್ಪತ್ರೆ ದೂರ ಆದ್ರೆ ನಾಲ್ಕು ಬಾಡಿಗೆ ಸಿಗ್ತಾವ್ರಿ. ಅಲ್ದೆ, ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೋಗಿ ಮೊಳ ಹಾಕ್ತಾರೇನ್ರಿ?"

"ಹಾಕ್ಬೇಕು ಸಾಬ್ರೇ! ದಟ್ಟಿ ಗಿಡ್ಡಾದ್ರೆ ಮಂಡಿ ಕಾಣ್ತೈತೆ, ಅಷ್ಟೇ. ಇದು ಕೂಸುಗಳ ಜೀವ. ಸುತ್ತಲಿನ ಹೊಲ ಎಲ್ಲಾ ಸಾವ್ಕಾರ್ರದೇ. ಆಸ್ಪತ್ರೆ ಬಂದ್ರೆ ಅದಕ್ಕೆ ಬಂಗಾರದ ಬೆಲೆ. ಹೋಗ್ಲಿ, ಹರಿಹರದ ಬಸ್ಸು ಎಲ್ಲಿ ನಿಲ್ತೈತೆ?"

"ಗೇಟಿನ ಈ ಕಡೆ."

"ಮಾಯಕೊಂಡದ್ದು?"

"ಅದೂ ಈ ಕಡೆನೇ."

"ಬಸ್ಸಿಳಿದು ಕೂಸು ಎತ್ಕಂಡು ಓಡೋ ತಾಯಿ ಎಲ್ಲಿ ನಿಲ್ತಾಳೆ?"

ಮಕ್ತುಮ್ ಸಾಬ್ ಖುರ್ಷೀದಾ ಅಂದು ಕೂತಿದ್ದ ಸೀಟನ್ನು ತಿರುಗಿ ನೋಡಿದ.

"ಇಲ್ಲೇ ನಿಲ್ತಾಳೆ ತಾಯಿ" ಎಂದ.

"ಈ ಕಡೆನೇ, ಬಸ್ ಸ್ಟ್ಯಾಂಡಿನ ಹಿಂದೆ ಮೂರೆಕರೆ ಸರ್ಕಾರಿ ಜಾಗ ಐತೆ. ಸಣ್ಣದೇ. ಆದ್ರೆ ನಡಕಂಡೇ ಮುಟ್ಬೌದು. ಗುರುವಾರ ಬಂದು ಕಮಿಟಿ ಮುಂದೆ ಹೇಳ್ರಿ."

"ಜಟಕಾ ಹೊಡೆಯೋನ ಮಾತು ಯಾರು ಕೇಳ್ತಾರ್ರಿ?"

"ಅವರ ನಕ್ಷೆಯಾಗೆ ಮೈಲಿ ಇರ್ತಾವೆ, ಗೇಟು ಬೀಳೋದು ಇರಲ್ಲ. ಅದು ನಿಮಗೇ ಗೊತ್ತಿರೋದು."

ಸಂಜೆ ಮನೆಯಲ್ಲಿ ಅವನು ಇದನ್ನೆಲ್ಲ ಖುರ್ಷೀದಾಳಿಗೆ ಹೇಳಿದ. ಬೀಡಿ ಕಟ್ಟುತ್ತಿದ್ದ ಅವಳ ಕೈ ನಿಂತಿತು.

"ಬಾಡಿಗೆ ಹೋದ್ರೆ ಹೋಗ್ಲಿ ಅಬ್ಬಾ. ನಾ ಇನ್ನೊಂದು ಮೊರ ಬೀಡಿ ಕಟ್ತೀನಿ. ಆ ಗೇಟಿನ ಮುಂದೆ ಇನ್ನೊಬ್ಬಾಕಿ ಕೂಡಬಾರ್ದು."

ಕೇಳುತ್ತಿರುವ ಅಣ್ಣಂದಿರೇ, ತಾಯಂದಿರೇ, ನಿಮ್ಮೂರಿಗೂ ಆಸ್ಪತ್ರೆಯ ಜಾಗ ನೋಡಲು ಜನ ಬಂದಾರು. ಪುಕ್ಕಟೆ ಜಾಗವೆಂದು ಸುಮ್ಮನಿರಬೇಡಿ. ಜ್ವರದ ಕೂಸನ್ನು ಹೊತ್ತವಳು ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತಾಳೆ, ನಡುವೆ ಹಳ್ಳವಿದೆಯೇ, ಗೇಟಿದೆಯೇ ಎಂದು ಕೇಳಿ. ಸಭೆಗೆ ಹೋಗಿ ಬಾಯಿಬಿಟ್ಟು ಹೇಳಿ. ದೊಡ್ಡವರ ಮುಂದೆ ಅದು ಕಷ್ಟವೇ. ಮಕ್ತುಮ್ ಸಾಬನಿಗೂ ಕಷ್ಟವಾಯಿತು.

ಬುಧವಾರ ಬೆಳಿಗ್ಗೆ ಕರಿಬಸವರಾಜಪ್ಪ ಅರ್ಜಿಯನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಸ್ಟ್ಯಾಂಡಿಗೆ ಬಂದರು.

"ಮೊದಲು ನೀ ಒತ್ತು ಸಾಬ್. ಉಳಿದೋರು ನಿನ್ನ ಕೈನೇ ನೋಡ್ತಾರೆ."

ಇಪ್ಪತ್ತು ಜನರೂ ನೋಡುತ್ತಲೇ ಇದ್ದರು. ಮಕ್ತುಮ್ ಸಾಬ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಒತ್ತಲ್ಲ ಸಾವ್ಕಾರ್ರೇ. ನಾಳೆ ಕಮಿಟಿ ಮುಂದೆ ಈ ಗೇಟಿನ ಮಾತು ಹೇಳ್ತೀನಿ."