ಕಪ್ಪೆಚಿಪ್ಪಿನ ಇಟ್ಟಿಗೆ

ಅಡುಗೆಮನೆ ಗೋಡೆ ಬಿದ್ದಾಗ ನಾನು ಹಿತ್ತಲಲ್ಲಿದ್ದೆ, ಅದಕ್ಕೇ ಬದುಕಿದ್ದೇನೆ. ಹನಕೆರೆಯಲ್ಲಿ ನಾವು ಈ ಮನೆ ಕಟ್ಟಿಸಿ ಎರಡು ಮಳೆಗಾಲವೂ ಕಳೆದಿರಲಿಲ್ಲ. ಇಟ್ಟಿಗೆ ತವರಿನ ಉಡುಗೊರೆ. ಚಿಕ್ಕರಸಿನಕೆರೆಯಲ್ಲಿ ನನ್ನ ತಮ್ಮ ಶಿವರಾಜುವಿನದೇ ಇಟ್ಟಿಗೆ ಗೂಡಿದೆ. ಗಾರೆಯವನು ಒಂದನ್ನು ನಾಲ್ಕು ದಿನ ನೀರಲ್ಲಿಟ್ಟು ನೋಡೋಣ ಅಂದಿದ್ದಕ್ಕೆ ಅವ್ವ ಸಿಡುಕಿದ್ದಳು. "ತವರಿಂದ ಬಂದುದ್ನ ಯಾರಾರ ಪರೀಕ್ಸೆ ಮಾಡ್ತಾರಾ? ಮರ್ವಾದೆ ಬ್ಯಾಡ್ವಾ?" ಮರ್ಯಾದೆ ಉಳಿಯಿತು, ಗೋಡೆ ಉಳಿಯಲಿಲ್ಲ.

ಇವತ್ತು ವಿಮೆ ಕಂಪನಿಯ ಸರ್ವೇಯರು ಬರುವವರಿದ್ದರು. ಮಳೆಗೆ ಬಿದ್ದಿದ್ದರೆ ದುಡ್ಡು ಬರುತ್ತದೆ, ಸಾಮಾನೇ ಕಳಪೆಯಾಗಿದ್ದರೆ ಬಿಡಿಗಾಸೂ ಇಲ್ಲ. ಮಳೆಯೇನೋ ಜೋರಾಗಿಯೇ ಹುಯ್ದಿತ್ತು. ಆದರೆ ಬೆಳಿಗ್ಗೆ ಒಂದು ಇಟ್ಟಿಗೆಯ ಕೆಸರು ಒರೆಸಿ ನೋಡಿದೆ, ತುಂಬ ಬಿಳಿ ಚುಕ್ಕಿ. ಉಗುರಿನಿಂದ ಕೆರೆದರೆ ಸುಣ್ಣ ಉದುರಿತು. ಅಯ್ಯೋ ದೇವರೇ, ಈ ಮುಟ್ಠಾಳ ಕೆರೆಯ ಗೋಡುಮಣ್ಣನ್ನು ಜರಡಿ ಹಿಡಿಯದೆ ಕಪ್ಪೆಚಿಪ್ಪಿನ ಸಮೇತ ಕಲಸಿ ಸುಟ್ಟಿದ್ದಾನೆ! ಸುಟ್ಟ ಚಿಪ್ಪು ಸುಣ್ಣವಾಗಿ, ನೀರು ಕುಡಿದು ಉಬ್ಬಿ, ಇಟ್ಟಿಗೆಯನ್ನು ಒಳಗಿಂದಲೇ ಒಡೆದಿದೆ. ಆದರೂ ಬಾಯಿ ಬಿಡಬಾರದು ಅಂದುಕೊಂಡೆ. ಮನೆಗೆ ಗೋಡೆ ಬೇಕಲ್ಲ!

ಸರ್ವೇಯರ ಬೆನ್ನಿಗೇ ಶಿವರಾಜುವೂ ಬಂದ.

"ಇಟ್ಟಿಗೆ ಚೆನ್ನಾಗಿತ್ತಾ ಅಮ್ಮ?" ಎಂದು ಸರ್ವೇಯರು ಕೇಳಿದರು.

"ಚೆನ್ನಾಗಿತ್ತು ಸಾ," ಎಂದೆ. ಅವರು ಬರೆದುಕೊಳ್ಳತೊಡಗಿದರು.

ಅಷ್ಟಕ್ಕೆ ಸುಮ್ಮನಿರುವ ಗಂಡೇ ನನ್ನ ತಮ್ಮ? "ಅದೇ ಗೂಡಿನ ಇಟ್ಟಿಗೇಲಿ ನಮ್ಮನೆ ಮ್ಯಾಲೆ ರೂಮ್ ಕಟ್ಟಿವ್ನಿ ಸಾ. ನನ್ ಮಗಳು ಗಗನ ಈಗ್ಲೂ ಅಲ್ಲೇ ಓದ್ತಾ ಕುಂತವ್ಳೆ. ಕಲ್ಲಿದ್ದಂಗದೆ ಗ್ವಾಡೆ!"

ಮಗು ಕೂತಿರುವುದೂ ಇದೇ ಚಿಪ್ಪಿನ ಗೋಡೆಗಳ ನಡುವೆ! ಹೊರಗೆ ಮತ್ತೆ ಮಳೆ ಹಿಡಿದಿತ್ತು.

"ಶಿವ, ಬಾರ್ಲಾ ಇತ್ಲಾಗೆ."

"ಇಲ್ಲೇ ಹೇಳಕ್ಕ. ಸಾಹೇಬ್ರ ಮುಂದೆ ಮುಚ್ಚುಮರೆ ಏನು?"

"ಬಾ ಅಂದ್ರೆ ಬಾರ್ಲಾ!"

ಅವನು ಹಲ್ಲು ಕಿರಿಯುತ್ತಾ ನಿಂತೇ ಇದ್ದ. ತಡೆಯಲಾಗಲಿಲ್ಲ ನನಗೆ. ರಾಶಿಯಿಂದ ಇಟ್ಟಿಗೆ ಎತ್ತಿ ಅವನ ಮುಂದೆ ಹಿಡಿದು ಬರಿಗೈಯಲ್ಲಿ ಮುರಿದೆ. "ನೋಡ್ಲಾ, ಚಿಪ್ಪು! ಮಗಿನ ಈಚೆ ಕರುಸ್ಲಾ!"

ಶಿವ ಚೂರನ್ನು ಉಗುರಿನಿಂದ ಕೆರೆದು ನೋಡಿದ. ಹೆಂಡತಿಗೆ ಫೋನು ಮಾಡಿದ. "ಗಗನನ್ನ ಕೆಳೀಕೆ ಕರ್ಕಳೇ! ಪುಸ್ತಕ ಹಾಳಾಗೋಗ್ಲಿ, ಮಗಿನ ಕರ್ಕಾ!" ಆ ಕಡೆಯಿಂದ ಉತ್ತರ ಬರುವವರೆಗೆ ಫೋನು ಕಿವಿಗೊತ್ತಿಕೊಂಡೇ ಇದ್ದ. "ಬಂದ್ಲಾ? ಸದ್ಯ," ಎಂದವನು ಕೆಸರಲ್ಲೇ ಕುಕ್ಕರಿಸಿದ.

ಸರ್ವೇಯರು ಬರೆದದ್ದನ್ನು ಹೊಡೆದುಹಾಕಿದರು. "ಇನ್ನು ಮಳೆ ಅಂತ ಬರೆಯೋಕಾಗಲ್ಲಮ್ಮ."

"ಬುಡಿ ಸಾ," ಎಂದೆ. ತಮ್ಮನ ಬೆನ್ನಿಗೊಂದು ಗುದ್ದಿ ಕೇಳಿದೆ, "ಆ ಇಟ್ಟಿಗೆ ಇನ್ಯಾರ್ಯಾರ್ ಮನೆಗೆ ಕೊಟ್ಟಿದ್ದೀಯೋ, ಹೇಳ್ಲಾ."

ಶಿವ ಒಂದೊಂದೇ ಹೆಸರು ಹೇಳುತ್ತಾ ಬೆರಳು ಮಡಚಿದ. ಎರಡು ಕೈಯೂ ಸಾಲಲಿಲ್ಲ.