ಮೊದಲ ಫೇರಿ

“ಲೇ ಬಾಬ್ಯಾ, ಗಾಡಿ ತೆಳಗ ಮಕ್ಕೊಂಡು ನಿದ್ದಿ ಹೊಡ್ಯಾಕತ್ತೀಯೇನಲೇ ಭಾಡ್ಯಾ? ಬಿಸಲು ನೆತ್ತಿಗೆ ಬಂತು. ಗಿಡದಾಗಿನ ಕಾಯಿ ನಿಮ್ಮಪ್ಪ ಬಂದು ಬಿಡಸ್ತಾನೇನು?”

ಮಲ್ಲೇಶಪ್ಪ ಸಾವಕಾರನ ಬೂಟು, ಜೀಪಿನ ಹೊರಗೆ ಚಾಚಿಕೊಂಡಿದ್ದ ಬಾಬುಸಾಬನ ಮೊಳಕಾಲಿಗೆ ಬಿತ್ತು. ಬಾಬುಸಾಬ ಕಾಲು ಒಳಗೆಳೆದುಕೊಂಡ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯ ಬದಿಗೆ ತಗಡು ಹೊದಿಸಿದ ಅವನ ವೆಲ್ಡಿಂಗ್ ಅಂಗಡಿ. ಅಂಗಡಿ ನಿಂತ ಜಾಗ ಸಾವಕಾರನದು. ಹಾಗಾಗಿ ಒದೆಸಿಕೊಂಡದ್ದಕ್ಕೆ ಎದ್ದು ಕೇಳುವಂತಿರಲಿಲ್ಲ.

ಜೀಪಿನದು ಬೆನ್ನೆಲುಬೇ ಸೀಳಿತ್ತು. ಇಡೀ ಗಾಡಿಯನ್ನು ಹೊತ್ತುಕೊಂಡ ಚಾಸಿ ಹಿಂದಿನ ಗಾಲಿಗಿಂತ ತುಸು ಮುಂದೆ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಪ್ರತಿವರ್ಷ ಮಹಾನವಮಿಗೆ ಅದರ ಮೇಲೆಯೇ ಕೆಂಪು ಬಣ್ಣ ಬಳಿದು, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತ ಬಂದಿದ್ದರು. ಬಣ್ಣ ದಪ್ಪವಾಗುತ್ತ ಹೋದಂತೆ ಕೆಳಗಿನ ಕಬ್ಬಿಣ ತೆಳುವಾಗುತ್ತ ಹೋಗಿತ್ತು.

“ಸಾವಕಾರ್ರ, ಹಿಂಗ ಬೆಸಗಿ ಹಚ್ಚಾಕ ಬರೂದಿಲ್ರಿ,” ಬಾಬುಸಾಬ ಮಲಗಿದಲ್ಲಿಂದಲೇ ಅಂದ. “ಮದಲ ಮಂದಿ ಇಳೀಬೇಕು. ಡೀಸಲ್ ಟಾಕಿ ಬಿಚ್ಚಿ ದೂರ ಇಡಬೇಕು, ಬ್ಯಾಟ್ರಿ ವೈರ್ ತಗೀಬೇಕು. ತುಕ್ಕು ಉಜ್ಜಿ ಕಬ್ಬಣ ಬೆಳ್ಳಗ ಕಂಡಮ್ಯಾಲೆ ಎರಡೂ ಮಗ್ಗಲಿಗೆ ದಪ್ಪನ್ನ ಪಟ್ಟಿ ಕೂಡಸಬೇಕು. ನಾಳಿ ಮಟಾ ಬಿಡ್ರಿ, ಗಟ್ಟಿ ಮಾಡಿ ಕೊಡ್ತೀನಿ.”

“ನಾಳಿ ಮಟಾ ಕಾಯಿ ಉದುರಿದ್ರ ನಿನ್ನ ಹೆಣದ ಮ್ಯಾಲ ಸುರೀಲೇನು? ಒಂದು ಪಟ್ಟಿ ಬಡಿ, ಸಾಕು. ಮೆಣಸಿನಕಾಯಿ ಮುಗಿಯೂತನಾ ತಡದ್ರ ಆತು.”

ಮಂದಿ ಅಂದರೆ ಹಿಂದಿನ ಸೀಟಿನಲ್ಲಿ ತುರುಕಿದ್ದ ಹೆಣ್ಣಾಳುಗಳು. ಊರ ಹೊರಗಿನ ಕೇರಿಯವರು, ಮುಶಿಗೇರಿಯ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೊರಟವರು. ಜ್ಯಾಕ್ ಹಚ್ಚಿ ಹೊತ್ತು ಕಳೆಯುವುದು ಬೇಡವೆಂದು ಸಾವಕಾರ ಅವರನ್ನೇ ಹಿಂದಿನ ಬಾಗಿಲ ಕಡೆ ಒತ್ತಿ ಕೂಡಿಸಿದ್ದ. ಹಿಂದೆ ಭಾರ ಬಿದ್ದರೆ ಸೀಳು ತಾನೇ ಬಾಯಿ ಮುಚ್ಚುತ್ತದೆ. ಕಲ್ಲು ಹೇರಿದ್ದರೂ ನಡೆಯುತ್ತಿತ್ತು. ಆದರೆ ಕಲ್ಲನ್ನು ಯಾರಾದರೂ ಎತ್ತಿ ಇಡಬೇಕು, ಹೆಣ್ಣಾಳುಗಳು ಕರೆದರೆ ತಾವೇ ಹತ್ತುತ್ತಾರೆ.

ಜೀಪಿನ ತಳವನ್ನು ತುಕ್ಕು ತಿಂದು ಅಂಗೈಯಗಲ ತೂತು ಬಿದ್ದಿತ್ತು. ಕೆಳಗಿನಿಂದ ನೋಡಿದರೆ ಅದರಲ್ಲಿ ಎರಡು ಹಿಮ್ಮಡಿ ಕಾಣುತ್ತಿದ್ದವು. ಒಡೆದ ಆ ಹಿಮ್ಮಡಿಗಳ ಗುರುತು ಬಾಬುಸಾಬನಿಗೆ ಹತ್ತಿತು. ಅವನ ಹೆಂಡತಿ ಹಸನಬಿಯವು.

“ಈಕೀನ್ಯಾಕ ಕುಂಡ್ರಿಸೀರಿ ಸಾವಕಾರ್ರ? ಇವತ್ತ ಮನ್ಯಾಗ ಇರ್ತೀನಂದಿದ್ಲು.”

“ಆಳ್ ಕಳಿಸಿ ನಾನ ಕರಸೀನಿ.” ಸಾವಕಾರ ನಕ್ಕ. “ಚಾಸಿ ಹಚ್ಚಿದಾವ ಮದಲ ಫೇರಿಗೆ ತಾನ ಕುಂಡ್ರಬೇಕು ಅಂತ ನಿಮ್ಮ ರಿವಾಜ ಐತೆಲ್ಲ? ನೀ ಕುಂತ್ರ ಇಲ್ಲಿ ನನ್ನ ಟ್ರ್ಯಾಕ್ಟರ್ ಕೆಲಸ ಯಾರ ಮಾಡ್ತಾರ? ಅದಕ್ಕ ನಿನ್ನ ಬದ್ಲಿ ನಿನ್ನ ಹೆಂತಿ. ಸೀಳಿನ ಮ್ಯಾಲನ ಕುಂಡ್ರಿಸೀನಿ. ಈಗ ಹೆಂಗ ಚಲೋ ಹಚ್ಚತಿ ನೋಡೂನು.”

ರಿವಾಜು ಖರೇ ಇತ್ತು. ರಿಪೇರಿಯಾದ ಗಾಡಿಯ ಮೊದಲ ಓಟಕ್ಕೆ ಬಾಬುಸಾಬನ ಅಪ್ಪನೂ ಹಾಗೇ ಕೂತು ಬಂದವನು. ತನ್ನ ಕೈಗೆಲಸಕ್ಕೆ ತನ್ನ ಜೀವವೇ ಜಾಮೀನು ಎಂದು ಮಿಸ್ತ್ರಿಗಳು ತಾವಾಗಿ ಮಾಡಿಕೊಂಡದ್ದು ಅದು. ಅದನ್ನು ಸಾವಕಾರ ಹೀಗೂ ತಿರುಗಿಸಬಹುದೆಂದು ಯಾರೂ ಅಂದುಕೊಂಡಿರಲಿಲ್ಲ. ಮೇಲೆ ಹಸನಬಿ ಹಿಮ್ಮಡಿಗಳನ್ನು ಹತ್ತಿರ ಸರಿಸಿಕೊಂಡಳು.

ಅವನು ಒದ್ದೆ ಗೋಣಿಚೀಲವನ್ನು ಡೀಸೆಲ್ ಟಾಕಿಗೆ ಸುತ್ತಿ, ಪಟ್ಟಿಯನ್ನು ಸೀಳಿಗೆ ತಂತಿಯಿಂದ ಬಿಗಿದು, ಕಣ್ಣಿಗೆ ಕರಿಗಾಜು ಹಿಡಿದು ವೆಲ್ಡಿಂಗ್ ಕಡ್ಡಿ ತಾಕಿಸಿದ. ತುಕ್ಕಿನ ಮೇಲೆ ಬೆಸುಗೆ ಹತ್ತಲೊಲ್ಲದು. ಚಟಪಟ ಸಿಡಿದು ಕಿಡಿಗಳು ಅವನ ಕುತ್ತಿಗೆಯ ಮೇಲೆ ಬಿದ್ದವು, ತೂತಿನಿಂದ ಮೇಲಕ್ಕೂ ಹಾರಿದವು.

“ಯವ್ವಾ, ಸತ್ನೆಪೋ!”

ಹಸನಬಿಯ ಪಕ್ಕದಲ್ಲಿದ್ದ ಹುಲಿಗೆವ್ವ ಕಿರುಚಿದಳು. ಕೇರಿಯ ಹೆಣ್ಣಾಳುಗಳಲ್ಲಿ ಅವಳೇ ಹಿರಿಯಳು. ಸೀರೆಯ ಅಂಚಿಗೆ ಹತ್ತಿದ ಬೆಂಕಿಯನ್ನು ಹೆಂಗಸರು ಬರಿಗೈಯಲ್ಲೇ ಬಡಿದು ಆರಿಸಿದರು. ಅಷ್ಟರಲ್ಲಿ ಅವಳ ಪಾದದ ಚರ್ಮ ಸುಟ್ಟು ಸುಲಿದಿತ್ತು.

“ಇಳಸ್ರಿ ನಮ್ಮನ್ನ! ಇದರವ್ವನ, ಡೀಸಲ್ ವಾಸನಿ ಹೊಡ್ಯಾಕತ್ತೈತಿ!”

“ಇಳದ್ರ ಇವತ್ತಿನ ಪಗಾರ ಇಲ್ಲ. ಮದಲ ನನ್ನ ಸೀಟ್ ಸುಟ್ಟೈತೇನು ನೋಡ್ರಿ.” ಸಾವಕಾರ ಬಗ್ಗಿ ಹುಲಿಗೆವ್ವನ ಪಾದ ನೋಡಿದ. “ಮದಲೇ ಕರಿ ಕಾಲು. ಸುಟ್ರೇನು, ಬಿಟ್ರೇನು?”

ಎದುರಿನ ಚಾದಂಗಡಿಯಲ್ಲಿ ಕೂತವರು ನಕ್ಕರು. ಹೆಂಗಸರಲ್ಲಿ ಯಾರೂ ಇಳಿಯಲಿಲ್ಲ.

ಬಾಬುಸಾಬ ಪಟ್ಟಿ ಹಚ್ಚಿ ಹೊರಗೆ ತೆವಳಿ ಬಂದ. “ಹಚ್ಚೀನ್ರಿ. ಆದ್ರ ಇದು ನಿಂದ್ರೂದಿಲ್ಲ. ಗಜೇಂದ್ರಗಡದ ಇಳಿಜಾರದಾಗ ಮುರೀತೈತಿ. ನಂಬಿಕಿ ಇಲ್ಲಂದ್ರ ಮದಲ ಫೇರಿಗೆ ನೀವೂ ಕುಂಡ್ರಿ, ನಾನೂ ಕುಂಡ್ರತೀನಿ. ಇವ್ರೆಲ್ಲಾ ಇಳೀಲಿ.”

“ಈ ನಾರೂ ಗಾಡ್ಯಾಗ ನಾ ಕುಂಡ್ರಬೇಕ?” ಸಾವಕಾರ ತನ್ನ ಬೈಕಿನ ಚಾವಿ ತೆಗೆದ. “ಲೇ ಡ್ರೈವರ್, ಚಾಲೂ ಮಾಡು.”

ಬಾಬುಸಾಬ ಕೈಯಲ್ಲಿದ್ದ ಸಣ್ಣ ಸುತ್ತಿಗೆಯನ್ನು ರಸ್ತೆಗೆ ಒಗೆದು, ಅಂಗಡಿಯೊಳಗೆ ಹೋಗಿ ದೊಡ್ಡ ಸುತ್ತಿಗೆ ಹೊತ್ತು ತಂದ.

“ಹಸನಬೀ, ಇಳಿ. ಹುಲಿಗೆವ್ವಾ, ಎಲ್ಲಾರೂ ಇಳೀರಿ.”

ಆ ದನಿಯನ್ನು ಅವರು ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ದಡಬಡ ಇಳಿದರು. ಅವನು ಜೀಪಿನ ಮಗ್ಗುಲಿಗೆ ಮೊಳಕಾಲೂರಿ, ಪಕ್ಕದಿಂದ ಬೀಸಿ ಚಾಸಿಗೆ ಹೊಡೆದ. ಹೊಸ ಪಟ್ಟಿ ಕಿತ್ತು ಹಾರಿತು. ಮತ್ತೆ ಹೊಡೆದ. ಚಾಸಿ ಲಟಕ್ಕನೆ ಮುರಿದು ಜೀಪಿನ ಹೊಟ್ಟೆ ನೆಲಕ್ಕೆ ಕೂತಿತು. ಮುರಿದ ಬಾಯಿಂದ ತುಕ್ಕು ಖಾರದಪುಡಿಯ ಹಾಗೆ ಸುರಿಯಿತು. ಬೆಳ್ಳನೆಯ ಕಬ್ಬಿಣ ಎಲ್ಲಿಯೂ ಇರಲಿಲ್ಲ.

ಆಮೇಲೆ ಅವನನ್ನು ಸಾವಕಾರ ಬಡಿದ, ಡ್ರೈವರ್ ಬಡಿದ, ಚಾದಂಗಡಿಯಲ್ಲಿ ನಕ್ಕವರೂ ಬಂದು ಒಂದೊಂದು ಕೈ ಹಾಕಿ ಹೋದರು. ಗಡ್ಡ ಹಿಡಿದು ರಸ್ತೆಗೆ ಎಳೆದರು. ಈ ಸಲ ಬೂಟು ಬಲಗೈಯ ಬೆರಳುಗಳ ಮೇಲೆ ಬಿತ್ತು, ಮೇಲೇಳದೆ ಅಲ್ಲೇ ತಿರುಚಿತು.

“ಕೈ ಒಂದ ಬಿಡ್ರಿ ಸಾವಕಾರ್ರ, ನಿಮ್ಮ ಕಾಲ್ ಬೀಳ್ತೀನಿ, ಕೈ ಒಂದ ಬಿಡ್ರಿ,” ಎಂದು ಹಸನಬಿ ಆ ಬೂಟನ್ನೇ ಅಪ್ಪಿಕೊಂಡು ಅತ್ತಳು. ಎಲುಬು ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು.

“ಸಂಜಿಯೊಳಗ ನಿನ್ನ ತಗಡು ಕಿತ್ಕೊಂಡು ಹೋಗು, ಹಲ್ಕಟ್,” ಎಂದು ಸಾವಕಾರ ಫೋನು ಹಚ್ಚಿ ತನ್ನ ಇನ್ನೊಂದು ಜೀಪು ಕರೆಸಿದ. ಅದು ಲಗೂನೆ ಬಂತು. ಮುಂದೆ ನಿಂಬೆಹಣ್ಣು, ಅಡಿಗೆಲ್ಲ ಫಳಫಳ ಹೊಳೆಯುವ ಕೆಂಪು ಬಣ್ಣ.

“ಹತ್ರಿ ಲಗೂ. ಹೊತ್ತಾತು.”

ಹುಲಿಗೆವ್ವ ಕುಂಟುತ್ತ ಮುಂದೆ ಬಂದಳು. ರಸ್ತೆಯ ಮೇಲೆ ಬಿದ್ದಿದ್ದ ಬಾಬುಸಾಬನ ಸಣ್ಣ ಸುತ್ತಿಗೆ ಎತ್ತಿಕೊಂಡಳು. ಸೀರೆ ಮೇಲೆತ್ತಿ ಕಟ್ಟಿ, ಡಾಂಬರಿನ ಮೇಲೆ ಮೊಳಕಾಲೂರಿ ಜೀಪಿನ ಅಡಿಗೆ ಬಗ್ಗಿದಳು. ಟಕ್ ಎಂದು ಬಡಿದಳು. ಬಣ್ಣ ಹಕ್ಕಳೆ ಎದ್ದು ಕೆಂಪು ಪುಡಿ ಉದುರಿತು.

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಗಂಡನ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹಸನಬಿ ಅವರನ್ನೇ ನೋಡುತ್ತಿದ್ದಳು.

“ಏನ್ ನೋಡ್ತೀರಲೇ ರಂಡೇರಾ? ಹತ್ರಿ!”

“ಮದಲ ಫೇರಿಗೆ ನೀವ್ ಹತ್ರಿ ಸಾವಕಾರ್ರ,” ಹುಲಿಗೆವ್ವ ಅಂದಳು. “ನಿಮ್ಮ ಹೆಂತೀನ್ನೂ ಕರಕೊಂಡು ಬರ್ರಿ. ನಾವು ಆಮ್ಯಾಲ ಬರ್ತೀವಿ.”

ಸುಟ್ಟ ಕಾಲನ್ನು ಮುಂದೆ ಚಾಚಿ ಅವಳು ಜೀಪಿನ ಎದುರು ರಸ್ತೆಯ ಮೇಲೆಯೇ ಕುಳಿತಳು. ಉಳಿದವರೂ ಅವಳ ಪಕ್ಕಕ್ಕೆ ಬಂದು ಕುಳಿತರು.